ಕ್ರಿಸ್‌ಮಸ್ ಬೀದಿಯ ದೀಪಮಾಲೆಗಳು

ದೀಪವಿಲ್ಲದ ಹಬ್ಬ ವಿರಳ. ನಮಗೆ ಆಶ್ವಯುಜ ಕಾರ್ತಿಕ ಮಾಸಗಳು ಹೇಗೋ ಅಮೆರಿಕ ಸಂಯುಕ್ತ ಸಂಸ್ಥಾನದ ಜನರಿಗೆ ಡಿಸೆಂಬರು ಹಾಗೆ ದೀಪಗಳ ತಿಂಗಳು. ಕ್ರಿಸ್‌ಮಸ್ ಹಬ್ಬವು ಸಮೀಪಿಸುತ್ತಿದ್ದಂತೆ ಅಲ್ಲಿಯ ಗೃಹಸ್ಥರು ಮನೆಯ ಸೂರು, ಕಿಟಕಿ, ಬಾಗಿಲುವಾಡ, ಅಂಗಳದ ಗಿಡಮರ ಇವುಗಳಿಗೆಲ್ಲ ವಿದ್ಯುದ್ದೀಪಗಳ ಮಾಲೆಯನ್ನು ತೊಡಿಸುವರು. ಈ ಶೃಂಗಾರವನ್ನು ನೋಡಲು ಹೊರಡುವುದೇ ಮನೆಮಂದಿಗೆಲ್ಲ ಒಂದು ಸಂಭ್ರಮ. ಸಂಜೆಯ ಊಟವನ್ನು ಬೇಗನೆ ಮುಗಿಸಿ, ಮಕ್ಕಳಿಗೆ ಬೆಚ್ಚನೆಯ ಉಡುಪು ತೊಡಿಸಿ, ಕಾರಿನಲ್ಲಿ ಕುಳಿತೋ ಕಾಲ್ನಡಿಗೆಯಲ್ಲೋ ಅವರು ಬೀದಿಯಿಂದ ಬೀದಿಗೆ ನಿಧಾನವಾಗಿ ಸಾಗುವರು.

ಕೆಲವು ಬಡಾವಣೆಗಳು ಇದಕ್ಕಾಗಿಯೇ ಪ್ರಸಿದ್ಧವಾಗಿವೆ. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ವಿಭಾಗದಲ್ಲಿರುವ ಡೈಕರ್ ಹೈಟ್ಸ್ ಅವುಗಳಲ್ಲೊಂದು. 1980ರ ದಶಕದಲ್ಲಿ ಕೆಲವೇ ಮನೆಗಳಲ್ಲಿ ಆರಂಭವಾದ ದೀಪಾಲಂಕಾರ ಅಲ್ಲಿ ಈಗ ಬೀದಿಬೀದಿಗಳನ್ನೇ ಆವರಿಸಿದೆ. ಪಶ್ಚಿಮ ಕರಾವಳಿಯಲ್ಲಿ, ಲಾಸ್ ಏಂಜಲಿಸ್ ನಗರಕ್ಕೆ ಸಮೀಪದ ಆಲ್ಟಡೀನ ಎಂಬ ಊರಿನ ಸಾಂತಾ ರೋಸಾ ರಸ್ತೆ ಇನ್ನೊಂದು. ಈ ರಸ್ತೆಯ ಎರಡು ಬದಿಗಳಲ್ಲಿಯೂ ನಿಂತಿರುವ ಮಹಾವೃಕ್ಷಗಳಿಗೆ 1920ರಲ್ಲಿ ಮೊದಲ ಬಾರಿಗೆ ಬಣ್ಣದ ದೀಪಗಳನ್ನು ಕಟ್ಟಿದರು. ಆ ವೃಕ್ಷಗಳು ನಮಗೆ ಅಪರಿಚಿತವಲ್ಲ. ಅವು ಹಿಮಾಲಯದ ದೇವದಾರುಗಳು! ಊರಿನ ಸ್ಥಾಪಕರಲ್ಲೊಬ್ಬನಾದ ಜಾನ್ ವುಡ್‌ಬರಿ ಇಟಲಿಯಿಂದ ಬೀಜ ತರಿಸಿ ಬೆಳೆಸಿದ ಸಸಿಗಳನ್ನು 1885ರಲ್ಲಿ ಅಲ್ಲಿ ನೆಡಲಾಯಿತು. 2025ರ ಜನವರಿಯಲ್ಲಿ ಎದ್ದ ಭೀಕರ ಕಾಡುಗಿಚ್ಚು ಆ ಊರಿನ ಸಾವಿರಾರು ಕಟ್ಟಡಗಳನ್ನು ಸುಟ್ಟುಹಾಕಿತಾದರೂ ಈ ದೇವದಾರುಗಳಲ್ಲಿ ಬಹುಪಾಲು ಉಳಿದುಕೊಂಡವು.

ಇಂಥ ಬೀದಿಯಲ್ಲಿ ಸಾಗುವ ಮಕ್ಕಳು ಬರಿದೆ ನೋಡಿ ಸುಮ್ಮನಾಗುವುದಿಲ್ಲ. ಒಂದು ಮನೆಯ ಮಾಲೆಯಲ್ಲಿ ಸರಿಯಾಗಿ ಅರ್ಧ ಭಾಗ ಮಾತ್ರ ಆರಿಹೋಗಿರುವುದೇಕೆ? ಮತ್ತೊಂದು ಮಾಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಲ್ಬು ಸತ್ತಿದ್ದರೂ ಉಳಿದವು ಉರಿಯುತ್ತಿರುವುದು ಹೇಗೆ? ಕೆಲವು ಮಾಲೆಗಳು ತಾವಾಗಿಯೇ ಮಿನುಗುವುದೇಕೆ? ಒಂದು ಸಾಲಿನ ಬಲ್ಬುಗಳ ಮೇಲೆ ಬಿದ್ದ ಹಿಮ ಕರಗಿಹೋದರೆ ಪಕ್ಕದ ಸಾಲಿನ ಮೇಲೆ ಹಾಗೆಯೇ ಕುಳಿತಿದೆಯಲ್ಲ? ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಪ್ರೌಢಶಾಲೆಯಲ್ಲಿ ಕಲಿತ ವಿದ್ಯುಚ್ಛಾಸ್ತ್ರ ಬಹುಮಟ್ಟಿಗೆ ಸಾಕು. ಅಷ್ಟೇ ಅಲ್ಲ, ಆ ಉತ್ತರಗಳಲ್ಲಿ ಒಂದು ನಮ್ಮ ಮನೆಗಳಲ್ಲಿಯೂ ಪ್ರಾಣರಕ್ಷಣೆಗೆ ಬೇಕಾದುದು.

ದೀರ್ಘ ರಾತ್ರಿಯ ಅನುಕೂಲ

ಮೊದಲು ಕಾಲದ ವಿಚಾರ. ಭೂಮಿಯ ಅಕ್ಷವು ಅದರ ಕಕ್ಷಾತಲಕ್ಕೆ ಲಂಬವಾಗಿಲ್ಲ. ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿದೆ. ಆದುದರಿಂದ ಡಿಸೆಂಬರು ತಿಂಗಳ ಮೂರನೆಯ ವಾರದ ಹೊತ್ತಿಗೆ ಉತ್ತರಾರ್ಧಗೋಳವು ಸೂರ್ಯನಿಂದ ಅತ್ಯಂತ ವಿಮುಖವಾಗಿರುವುದು. ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಇದರ ಪರಿಣಾಮ ಹೆಚ್ಚು. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಆ ದಿನದ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷಗಳಷ್ಟಿದ್ದರೆ, 41 ಡಿಗ್ರಿಯ ಸಮೀಪದಲ್ಲಿರುವ ನ್ಯೂಯಾರ್ಕಿನಲ್ಲಿ ಅದು ಸುಮಾರು ಒಂಬತ್ತೂಕಾಲು ಗಂಟೆ ಮಾತ್ರ. ನಮ್ಮಲ್ಲಿ ಸೂರ್ಯ ಆರು ಗಂಟೆಯ ಸುಮಾರಿಗೆ ಮುಳುಗುವನು. ಅಲ್ಲಿ ನಾಲ್ಕೂವರೆ ಗಂಟೆಗೇ ಅಸ್ತಮಾನ. ಐದೂವರೆಗೆ ಕಗ್ಗತ್ತಲೆ ಕವಿದಿರುವುದು.

ಎಳೆಯ ಮಕ್ಕಳು ಎಂಟು ಗಂಟೆಗೆ ಮಲಗುವ ದೇಶದಲ್ಲಿ ಈ ಲೆಕ್ಕ ಅಲ್ಪವಾದುದಲ್ಲ. ಅದೇ ನ್ಯೂಯಾರ್ಕಿನಲ್ಲಿ ಜುಲೈ ತಿಂಗಳ ಮೊದಲಲ್ಲಿ ಗಡಿಯಾರ ಎಂಟೂವರೆ ತೋರಿಸುವವರೆಗೂ ಸೂರ್ಯ ಮುಳುಗುವುದಿಲ್ಲ. ಬೇಸಗೆಯಲ್ಲಿ ಈ ದೀಪಯಾತ್ರೆಯನ್ನು ಇಟ್ಟುಕೊಂಡಿದ್ದರೆ ಮಕ್ಕಳು ಅದನ್ನು ನಿದ್ದೆಗಣ್ಣಿನಲ್ಲಿ ನೋಡಬೇಕಾಗುತ್ತಿತ್ತು.

ಮೇಣದ ಬತ್ತಿಯಿಂದ ವಿದ್ಯುದ್ದೀಪಕ್ಕೆ

ಹಸಿರು ಮರವನ್ನು ಮನೆಯೊಳಗೆ ತಂದು ಸಿಂಗರಿಸುವ ಪದ್ಧತಿ ಜರ್ಮನ್ ನಾಡುಗಳಿಂದ ಹರಡಿದುದು. ಮರದ ಕೊಂಬೆಗಳಿಗೆ ಮೊದಲು ಸಿಕ್ಕಿಸುತ್ತಿದ್ದುದು ಉರಿಯುವ ಮೇಣದ ಬತ್ತಿಗಳನ್ನು. ಕಡಿದು ತಂದ ಶಂಕುವೃಕ್ಷದ ಸೂಜಿಯೆಲೆಗಳು ದಿನಕಳೆದಂತೆ ಒಣಗುತ್ತವೆ. ಅವುಗಳಲ್ಲಿ ರಾಳವೂ ಉಂಟು. ಚೆನ್ನಾಗಿ ಒಣಗಿದ ಮರಕ್ಕೆ ಕಿಡಿ ತಗುಲಿದರೆ ಒಂದು ನಿಮಿಷದೊಳಗಾಗಿ ಇಡೀ ಕೋಣೆ ಉರಿಯ ಪಾಲಾಗಬಲ್ಲದು. ಮರದ ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟನ್ನು ಇಟ್ಟುಕೊಂಡು ಹಬ್ಬ ಆಚರಿಸಬೇಕಾಗಿದ್ದ ಕಾಲ ಅದು.

1882ರ ಸೆಪ್ಟೆಂಬರು 4ರಂದು ತಾಮಸ್ ಎಡಿಸನ್ನನ ವಿದ್ಯುತ್ ಕೇಂದ್ರವು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಕೆಲಸ ಆರಂಭಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಎಡಿಸನ್ನನ ಸಹೋದ್ಯೋಗಿಯಾಗಿದ್ದ ಎಡ್ವರ್ಡ್ ಜಾನ್ಸನ್ ಅದೇ ನಗರದ ತನ್ನ ಮನೆಯಲ್ಲಿ ಒಂದು ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣಗಳ 80 ಪುಟ್ಟ ವಿದ್ಯುದ್ದೀಪಗಳನ್ನು ಕಟ್ಟಿದನು. ಮರವು ವಿದ್ಯುತ್ತಿನ ಬಲದಿಂದಲೇ ಮೆಲ್ಲನೆ ತಿರುಗುತ್ತಿತ್ತು. ತಿರುಗಿದಂತೆ ಬಣ್ಣದ ದೀಪಗಳು ಹತ್ತಿ ಆರುತ್ತಿದ್ದುವು. ಇಂದಿನ ಎಲ್ಲ ದೀಪಮಾಲೆಗಳ ಮೂಲಪುರುಷ ಇದೇ.

ಆದರೆ ಇಂಥದನ್ನು ಕಟ್ಟಲು ಪ್ರತಿಯೊಂದು ಬಲ್ಬಿಗೂ ಕೈಯಿಂದ ತಂತಿ ಬಿಗಿಯಬೇಕಾಗಿತ್ತು. ಅದಕ್ಕೆ ತಜ್ಞನೇ ಬೇಕು. 1903ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಮೊದಲೇ ಪೋಣಿಸಿದ ದೀಪಮಾಲೆಗಳನ್ನು ಮಾರತೊಡಗಿದ ಮೇಲೆ ಈ ತೊಡಕು ನೀಗಿತು. ಕನ್ನಡಿಗರು ಈ ಕಂಪನಿಯ ಹೆಸರನ್ನು ಬಲ್ಲರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಹರಿಸಿದ ಯೋಜನೆಗೆ ಜನಕಯಂತ್ರಗಳನ್ನು ಒದಗಿಸಿದವರೂ ಅವರೇ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದುದು ಆ ಜಲಪಾತದ ಶಕ್ತಿಯಿಂದಲೇ. ಇತ್ತ ಅಮೆರಿಕದಲ್ಲಿ 1923ರ ಡಿಸೆಂಬರು 24ರಂದು ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ರಾಜಧಾನಿಯಲ್ಲಿ ಸುಮಾರು 2,500 ಬಲ್ಬುಗಳ ರಾಷ್ಟ್ರೀಯ ಕ್ರಿಸ್‌ಮಸ್ ಮರವನ್ನು ಬೆಳಗಿಸಿದನು. ಮನೆಯೊಳಗಿನ ದೀಪ ಹೀಗೆ ಹೊರಗಿನ ಬಯಲಿಗೂ ಬೀದಿಗೂ ಬಂದಿತು.

ಸರಣಿಯ ಕಟ್ಟಳೆ

ಅಮೆರಿಕದ ಮನೆಗಳಿಗೆ ಬರುವ ವಿದ್ಯುತ್ತಿನ ವೋಲ್ಟೇಜು 120; ನಮ್ಮಲ್ಲಿ 230. ಹಬ್ಬದ ಪುಟ್ಟ ಬಲ್ಬಿನೊಳಗೆ 120 ವೋಲ್ಟನ್ನು ತಾಳುವಷ್ಟು ಉದ್ದವಾದ ತಂತುವನ್ನು ಅಡಕಗೊಳಿಸುವುದು ಸುಲಭವಲ್ಲ. ಆದುದರಿಂದ ಹಿಂದಿನ ತಯಾರಕರು ಸುಮಾರು 15 ವೋಲ್ಟಿನ ಎಂಟು ಬಲ್ಬುಗಳನ್ನು ಒಂದರ ಹಿಂದೊಂದರಂತೆ ಜೋಡಿಸಿದರು. ಎಂಟು ಹದಿನೈದಲೆ ನೂರಿಪ್ಪತ್ತು, ಲೆಕ್ಕ ಸರಿಹೋಯಿತು. ಇದೇ ಸರಣಿ ಜೋಡಣೆ. ಇಂಗ್ಲಿಷಿನಲ್ಲಿ ಇದಕ್ಕೆ ಇರುವ ಸೀರೀಸ್ ಎಂಬ ಹೆಸರಿನಿಂದಲೇ ನಮ್ಮ ಅಂಗಡಿಬೀದಿಯ ‘ಸೀರಿಯಲ್ ಸೆಟ್’ ಹುಟ್ಟಿಕೊಂಡಿದೆ.

ಸರಣಿಯಲ್ಲಿ ವಿದ್ಯುತ್ತಿಗೆ ದಾರಿ ಒಂದೇ. ಬಾವಿಯಿಂದ ಮನೆಯವರೆಗೆ ಎಂಟು ಜನ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಿರುವರೆಂದು ಭಾವಿಸಿ. ನಡುವೆ ಒಬ್ಬನು ಎದ್ದುಹೋದರೆ ಉಳಿದ ಏಳು ಜನರೂ ಕೈಕಟ್ಟಿ ನಿಲ್ಲಬೇಕು. ಹಾಗೆಯೇ ಒಂದು ಬಲ್ಬಿನ ತಂತು ತುಂಡಾದರೆ ಎಂಟೂ ಬಲ್ಬುಗಳು ಆರುವುವು. ತಪ್ಪಿತಸ್ಥ ಯಾವುದೆಂದು ತಿಳಿಯಲು ಒಂದು ಒಳ್ಳೆಯ ಬಲ್ಬನ್ನು ಕೈಯಲ್ಲಿ ಹಿಡಿದು ಒಂದೊಂದೇ ಸ್ಥಾನದಲ್ಲಿ ಇಟ್ಟು ಪರೀಕ್ಷಿಸಬೇಕು. ಹೆಚ್ಚೆಂದರೆ ಎಂಟು ಪ್ರಯತ್ನಗಳಲ್ಲಿ ಮಾಲೆ ಹತ್ತಬೇಕು. ಆದರೆ ಎರಡು ಬಲ್ಬುಗಳು ಸತ್ತಿದ್ದರೆ? ಒಂದನ್ನು ಬದಲಾಯಿಸಿದಾಗ ಇನ್ನೊಂದು ದಾರಿ ಕಟ್ಟಿರುವುದರಿಂದ ಎಂಟು ಪ್ರಯತ್ನಗಳೂ ವಿಫಲವಾಗುವುವು. ಎರಡು ಒಳ್ಳೆಯ ಬಲ್ಬುಗಳನ್ನು ಹಿಡಿದು 28 ಜೋಡಿ ಸ್ಥಾನಗಳನ್ನು ಶೋಧಿಸಬೇಕಾದೀತು. ಹಬ್ಬದ ಮುನ್ನಾದಿನ ಇದಕ್ಕಿಂತ ಹೆಚ್ಚಿನ ತಾಳ್ಮೆಯ ಪರೀಕ್ಷೆ ಬೇಕಿಲ್ಲ!

ಇದಕ್ಕೆ ಪರಿಹಾರವಾಗಿ ಬಂದವು ಸಮಾಂತರ ಜೋಡಣೆಯ ದೊಡ್ಡ ಬಲ್ಬುಗಳು. ಇಲ್ಲಿ ಪ್ರತಿಯೊಂದು ಬಲ್ಬಿಗೂ ಪೂರ್ಣ 120 ವೋಲ್ಟು ದೊರೆಯುವುದು. ಒಂದು ಆರಿದರೆ ಇನ್ನೊಂದಕ್ಕೆ ಬಾಧೆಯಿಲ್ಲ. ಸೂರಿನ ಅಂಚಿಗೆ ಸಾಲಾಗಿ ಕಟ್ಟುವ, ಕೋಳಿಮೊಟ್ಟೆಗಿಂತ ಕೊಂಚ ಚಿಕ್ಕದಾದ ಬಣ್ಣದ ಬಲ್ಬುಗಳು ಈ ಜಾತಿಯವು. ಒಂದೊಂದೂ ಸುಮಾರು 7 ವಾಟ್ ಶಕ್ತಿಯನ್ನು ನುಂಗುವುದರಿಂದ 25 ಬಲ್ಬುಗಳ ಒಂದು ಮಾಲೆಗೆ 175 ವಾಟ್ ಬೇಕು. 15 ಆಂಪಿಯರಿನ ಒಂದು ಮಂಡಲವು 120 ವೋಲ್ಟಿನಲ್ಲಿ 1,800 ವಾಟಿಗಿಂತ ಹೆಚ್ಚನ್ನು ಹೊರಲಾರದು. ಹತ್ತು ಮಾಲೆಗಳಿಗೇ 1,750 ವಾಟ್ ಆಯಿತು. ಹನ್ನೊಂದನೆಯದನ್ನು ಸಿಕ್ಕಿಸಿದರೆ ರಕ್ಷಕ ಸ್ವಿಚ್ಚು ಬಿದ್ದು ಅಂಗಳವೆಲ್ಲ ಕತ್ತಲಾದರೆ ಆಶ್ಚರ್ಯವಿಲ್ಲ.

ಈ ಶಕ್ತಿಯ ಅತ್ಯಲ್ಪಾಂಶ ಮಾತ್ರ ಬೆಳಕಾಗುವುದೆಂಬುದು ಶೋಚನೀಯ. ಕಾದ ತಂತು ಹೊರಸೂಸುವುದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು. ಉಳಿದ ಬಿಳಿಯ ಬೆಳಕಿನಲ್ಲಿಯೂ ಗಾಜಿನ ಬಣ್ಣವು ತನಗೆ ಹೊಂದಿದ ವರ್ಣವನ್ನು ಬಿಟ್ಟು ಮಿಕ್ಕುದೆಲ್ಲವನ್ನೂ ಹೀರಿಬಿಡುವುದು. ನೀಲಿ ಬಲ್ಬು ಉಳಿದವುಗಳಿಗಿಂತ ಮಂಕಾಗಿ ಕಾಣುವುದಕ್ಕೆ ಇದೇ ಕಾರಣ. ತಂತುವಿನ ಬೆಳಕಿನಲ್ಲಿ ನೀಲಿಯ ಪಾಲು ಮೊದಲೇ ಕಡಿಮೆ. ಹೀಗೆ ನಷ್ಟವಾದ ಶಕ್ತಿಯೆಲ್ಲ ಶಾಖವಾಗುವುದು. ಇಂಥ ಬಲ್ಬಿನ ಮೇಲೆ ಬಿದ್ದ ಹಿಮ ಕರಗಿ ನೀರಾಗುವುದು ಆ ಶಾಖದಿಂದಲೇ.

ಸತ್ತ ಬಲ್ಬಿನ ಹೊರೆಯನ್ನು ಹೊರುವವರು ಯಾರು?

ಮುಂದೆ ಅಕ್ಕಿಕಾಳನ್ನು ದೊಡ್ಡದು ಮಾಡಿದಂತಿರುವ ಕಿರುಬಲ್ಬುಗಳು ಪ್ರಚಾರಕ್ಕೆ ಬಂದುವು. ಇವುಗಳೊಂದಿಗೆ ಸರಣಿ ಜೋಡಣೆಯೂ ಮರಳಿತು. ಎರಡೂವರೆ ವೋಲ್ಟಿನ 50 ಬಲ್ಬುಗಳನ್ನು ಒಂದೇ ಸರಣಿಯಲ್ಲಿ ಪೋಣಿಸಿದರೆ ಒಂದೊಂದಕ್ಕೂ 120ನ್ನು 50ರಿಂದ ಭಾಗಿಸಿದಷ್ಟು, ಎಂದರೆ 2.4 ವೋಲ್ಟು, ದೊರೆಯುವುದು. ಹರಿಯುವ ಪ್ರವಾಹ ಒಂದು ಆಂಪಿಯರಿನ ಆರನೆಯ ಒಂದು ಪಾಲಿನಷ್ಟು. ಮಾಲೆಗೆಲ್ಲ 20 ವಾಟ್ ಸಾಕು. ನೂರು ಬಲ್ಬುಗಳ ಮಾಲೆಯೆಂದರೆ ಇಂಥ ಎರಡು ಸರಣಿಗಳನ್ನು ಪರಸ್ಪರ ಸಮಾಂತರವಾಗಿ ಕೂಡಿಸಿದುದು. ಮಾಲೆಯ ಅರ್ಧ ಭಾಗ ಮಾತ್ರ ಆರಿರುವುದನ್ನು ಕಂಡ ಮಗುವಿನ ಪ್ರಶ್ನೆಗೆ ಉತ್ತರ ಇಲ್ಲಿದೆ: ಒಂದು ಸರಣಿ ಕಡಿದಿದೆ, ಇನ್ನೊಂದು ನೆಟ್ಟಗಿದೆ.

ಆದರೆ ಐವತ್ತು ಬಲ್ಬುಗಳಲ್ಲಿ ಒಂದು ಕೆಟ್ಟರೆ ಐವತ್ತೂ ಆರುವಂತಿದ್ದರೆ ಇಂಥ ಮಾಲೆಯನ್ನು ಯಾರು ಕೊಂಡಾರು? ಇಲ್ಲಿ ತಯಾರಕರು ಒಂದು ಜಾಣ ಉಪಾಯವನ್ನು ಹೂಡಿರುವರು. ಕಿರುಬಲ್ಬೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ತಂತುವಿನ ಕೆಳಗೆ, ಅದನ್ನು ಹೊತ್ತಿರುವ ಎರಡು ಕಡ್ಡಿಗಳಿಗೂ ಸುತ್ತಿದ ನವುರಾದ ಇನ್ನೊಂದು ತಂತಿ ಕಾಣುವುದು. ಇದಕ್ಕೆ ಷಂಟ್ ಎಂದು ಹೆಸರು; ಪಕ್ಕದ ದಾರಿ ಎಂದು ಅರ್ಥಮಾಡಿಕೊಳ್ಳಬಹುದು. ಈ ತಂತಿಯ ಮೇಲೆ ವಿದ್ಯುತ್ತನ್ನು ಹರಿಯಗೊಡದ ಆಕ್ಸೈಡಿನ ತೆಳುವಾದ ಪೊರೆಯಿರುವುದರಿಂದ ಸಾಮಾನ್ಯವಾಗಿ ಈ ದಾರಿ ಮುಚ್ಚಿರುವುದು.

ಈಗ ತಂತುವೊಂದು ತುಂಡಾಯಿತೆನ್ನಿ. ಪ್ರವಾಹ ನಿಂತಿತು. ಓಮನ ನಿಯಮದಂತೆ, ಪ್ರವಾಹವೇ ಇಲ್ಲದ ಮೇಲೆ ಉಳಿದ 49 ಬಲ್ಬುಗಳ ನಡುವೆ ವೋಲ್ಟೇಜು ಇಳಿಯುವಂತಿಲ್ಲ. ಹಾಗಾದರೆ 120 ವೋಲ್ಟು ಎಲ್ಲಿಗೆ ಹೋಯಿತು? ಅಷ್ಟೂ ತುಂಡಾದ ಜಾಗದಲ್ಲಿಯೇ ಬಂದು ನಿಲ್ಲುವುದು! ಇದು ಮುಖ್ಯವಾದ ಮಾತು. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಎರಡೂವರೆ ವೋಲ್ಟನ್ನು ತಡೆದಿದ್ದ ಆಕ್ಸೈಡಿನ ಪೊರೆ ಈ ಹಠಾತ್ ಒತ್ತಡವನ್ನು ತಾಳಲಾರದೆ ಒಡೆಯುವುದು. ಷಂಟ್ ಕಡ್ಡಿಗಳಿಗೆ ಬೆಸೆದುಕೊಳ್ಳುವುದು. ಪಕ್ಕದ ದಾರಿ ತೆರೆಯುವುದು. ಸತ್ತ ಬಲ್ಬು ಬೆಳಗದಿದ್ದರೂ ಪ್ರವಾಹಕ್ಕೆ ದಾರಿ ಬಿಟ್ಟುಕೊಡುವುದು. ಉಳಿದವು ಮತ್ತೆ ಬೆಳಗುವುವು. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದರೊಳಗೆ.

ಬಲ್ಬನ್ನು ಹಿಡಿಕೆಯಿಂದ ಕಿತ್ತರೆ ಮಾತ್ರ ಮಾಲೆಯೆಲ್ಲ ಆರುವುದು. ಬಲ್ಬಿನೊಡನೆ ಷಂಟ್ ಕೂಡ ಹೊರಟುಹೋಗುವುದರಿಂದ ಪ್ರವಾಹಕ್ಕೆ ಯಾವ ದಾರಿಯೂ ಉಳಿಯುವುದಿಲ್ಲ. ಸಡಿಲವಾಗಿ ಕುಳಿತ ಬಲ್ಬಿನ ವಿಷಯವೂ ಇಷ್ಟೇ.

ಷಂಟ್ ಮಾಡುವ ಉಪಕಾರ ಉಚಿತವಲ್ಲ. ಒಂದು ಬಲ್ಬು ಸತ್ತ ಮೇಲೆ 120 ವೋಲ್ಟನ್ನು ಹಂಚಿಕೊಳ್ಳುವವು 49 ಮಾತ್ರ. ಒಂದೊಂದರ ಪಾಲು 2.45 ವೋಲ್ಟು. ಏರಿಕೆ ಶೇಕಡ ಎರಡರಷ್ಟು. ಇದೇನು ಮಹಾ ಎನ್ನಿಸಬಹುದು. ಆದರೆ ತಂತುದೀಪಗಳ ಆಯುಸ್ಸು ವೋಲ್ಟೇಜಿಗೆ ಬಹಳ ಸೂಕ್ಷ್ಮವಾಗಿ ಪ್ರತಿಕ್ರಿಯೆ ತೋರುವುದು. ವೋಲ್ಟೇಜು ಏರಿದರೆ ಆಯುಸ್ಸು ಅದರ ಸುಮಾರು ಹದಿಮೂರನೆಯ ಘಾತಕ್ಕೆ ವಿಲೋಮವಾಗಿ ಇಳಿಯುವುದೆಂಬುದು ದೀಪತಂತ್ರಜ್ಞರ ಸ್ಥೂಲನಿಯಮ. ಈ ನಿಯಮದಂತೆ ಒಂದು ಬಲ್ಬಿನ ಸಾವಿನಿಂದ ಉಳಿದವುಗಳ ಆಯುಸ್ಸು ಮುಕ್ಕಾಲು ಪಾಲಿಗೆ ಇಳಿಯುವುದು. ಐದು ಸತ್ತರೆ ಉಳಿದ 45ರ ಪಾಲು 2.67 ವೋಲ್ಟು, ಆಯುಸ್ಸು ಕಾಲು ಭಾಗ. ಹತ್ತು ಸತ್ತರೆ ಉಳಿದ 40ರ ಪಾಲು 3 ವೋಲ್ಟು. ಆಯುಸ್ಸು ಹದಿನೆಂಟನೆಯ ಒಂದು ಭಾಗಕ್ಕೆ ಕುಸಿಯುವುದು!

ಒಂದು ಸಾವು ಮತ್ತೊಂದನ್ನು ಕರೆಯುವುದು, ಅದು ಇನ್ನೊಂದನ್ನು. ಹತ್ತು ಸಂಜೆ ನೆಟ್ಟಗೆ ಉರಿದ ಮಾಲೆ ಹನ್ನೊಂದನೆಯ ಸಂಜೆ ಬಲ್ಬುಗಳನ್ನು ಒಂದರ ಮೇಲೊಂದರಂತೆ ಕಳೆದುಕೊಳ್ಳುವುದನ್ನು ಕಂಡವರು ಉಂಟು. ಬಲ್ಬುಗಳು ಕಡಿಮೆಯಾದಷ್ಟೂ ಉಳಿದವು ಹೆಚ್ಚು ಪ್ರಕಾಶಮಾನವಾಗಿ ಬೆಳಗುವುದರಿಂದ ಮಾಲೆ ಚೆನ್ನಾಗಿಯೇ ಇದೆ ಎಂಬ ಭ್ರಮೆಯೂ ಹುಟ್ಟಬಹುದು. ವಾಸ್ತವವಾಗಿ ಅದು ಹೆಚ್ಚು ಕಾಯುತ್ತಿರುವ ಮಾಲೆ. ಸತ್ತ ಬಲ್ಬನ್ನು ಕಂಡ ಕೂಡಲೆ ಬದಲಾಯಿಸಬೇಕೆಂಬ ಸೂಚನೆಗೆ ಇದೇ ಆಧಾರ. ಪ್ರವಾಹ ಮಿತಿ ಮೀರಿದರೆ ಕರಗಿ ದಾರಿ ಕಡಿಯಲೆಂದು ಅಮೆರಿಕದ ಮಾಲೆಗಳ ಪ್ಲಗ್ಗಿನೊಳಗೆ ಪುಟ್ಟ ಫ್ಯೂಸುಗಳನ್ನೂ ಇಟ್ಟಿರುವರು.

ಮಿನುಗುವ ಮಾಲೆ

ಕೆಲವು ಹಳೆಯ ಮಾಲೆಗಳು ಹತ್ತಿ ಆರಿ ಹತ್ತಿ ಮಿನುಗುವುವು. ಇದರ ಗುಟ್ಟು ಅದರಲ್ಲಿರುವ ಒಂದೇ ಒಂದು ಬಲ್ಬಿನಲ್ಲಿದೆ. ಗುರುತಿಗಾಗಿ ಅದರ ತುದಿಗೆ ಕೆಂಪು ಬಣ್ಣ ಬಳಿದಿರುವರು. ಅದರೊಳಗೆ ಪ್ರವಾಹ ಹರಿಯುವ ದಾರಿಯಲ್ಲಿ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ ಇದೆ. ಕಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗಿ ಸಂಪರ್ಕ ತಪ್ಪುವುದು, ಸರಣಿಯೆಲ್ಲ ಆರುವುದು. ತಣಿದಾಗ ಪಟ್ಟಿ ನೆಟ್ಟಗಾಗಿ ಮತ್ತೆ ಮುಟ್ಟುವುದು, ಸರಣಿಯೆಲ್ಲ ಹತ್ತುವುದು. ಈ ಬಲ್ಬಿಗೆ ಷಂಟ್ ಇರಕೂಡದು. ಏಕೆಂಬುದನ್ನು ವಾಚಕರೇ ಊಹಿಸಬಲ್ಲರು: ದಾರಿ ತೆರೆದ ಕ್ಷಣದಲ್ಲಿಯೇ ಪೂರ್ಣ 120 ವೋಲ್ಟು ಅಲ್ಲಿಗೆ ಬಂದು ಷಂಟನ್ನು ಬೆಸೆದುಬಿಟ್ಟರೆ ಮಿನುಗುವುದಾದರೂ ಹೇಗೆ? ಇಂದಿನ ಮಾಲೆಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಎಲೆಕ್ಟ್ರಾನಿಕ್ ನಿಯಂತ್ರಕಗಳು ಮಾಡುತ್ತಿವೆ.

ತಂತುವಿಲ್ಲದ ಬೆಳಕು

ಈಗ ಹಬ್ಬದ ಬೀದಿಗಳನ್ನು ಬಹುಮಟ್ಟಿಗೆ ಆಳುತ್ತಿರುವುದು ಎಲ್.ಇ.ಡಿ. ಎಂಬ ಅರೆವಾಹಕ ದೀಪ. ಇದರಲ್ಲಿ ಕಾಯುವ ತಂತುವೇ ಇಲ್ಲ. ಅರೆವಾಹಕದ ಸ್ಫಟಿಕದಲ್ಲಿ ಎಲೆಕ್ಟ್ರಾನೊಂದು ಮೇಲಣ ಶಕ್ತಿಮಟ್ಟದಿಂದ ಕೆಳಗಣ ಮಟ್ಟಕ್ಕೆ ಇಳಿಯುವಾಗ ಆ ವ್ಯತ್ಯಾಸವು ಬೆಳಕಿನ ಒಂದು ಕಣವಾಗಿ, ಎಂದರೆ ಫೋಟಾನಾಗಿ, ಹೊರಬೀಳುವುದು. ಬಣ್ಣವು ಗಾಜಿಗೆ ಬಳಿದುದಲ್ಲ. ಸ್ಫಟಿಕದ ಸ್ವಭಾವದಿಂದಲೇ ಬಂದುದು. ಕೆಂಪು ಫೋಟಾನಿನ ಶಕ್ತಿ ಸುಮಾರು ಎರಡು ಎಲೆಕ್ಟ್ರಾನ್ ವೋಲ್ಟು. ಆದುದರಿಂದ ಕೆಂಪು ದೀಪಕ್ಕೆ ಎರಡು ವೋಲ್ಟಿನಷ್ಟು ಸಾಕು. ನೀಲಿಯ ಫೋಟಾನು ಇನ್ನೂ ಶಕ್ತಿಯುತ. ಅದರ ದೀಪಕ್ಕೆ ಮೂರು ವೋಲ್ಟಿನಷ್ಟು ಬೇಕು.

ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ.ಯನ್ನು 1962ರಲ್ಲಿ ನಿಕ್ ಹೊಲೊನ್ಯಾಕ್ ಎಂಬಾತನು ನಿರ್ಮಿಸಿದನು. ಆಗ ಅವನು ಇದ್ದುದು ಅದೇ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ. ಆದರೆ ಉಜ್ಜ್ವಲವಾದ ನೀಲಿಗಾಗಿ ಜಗತ್ತು ಮೂರು ದಶಕಗಳ ಕಾಲ ಕಾಯಬೇಕಾಯಿತು. ಗ್ಯಾಲಿಯಂ ನೈಟ್ರೈಡಿನ ಒಳ್ಳೆಯ ಸ್ಫಟಿಕವನ್ನು ಬೆಳೆಸುವುದು ಅಷ್ಟು ಕಷ್ಟವಾಗಿತ್ತು. ಅದನ್ನು ಸಾಧಿಸಿದ ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಜಪಾನಿನಲ್ಲಿ ಹುಟ್ಟಿದ ಶೂಜಿ ನಕಾಮುರಾ ಇವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ನೀಲಿ ದೊರೆತ ಮೇಲೆ ಅದಕ್ಕೆ ಹಳದಿ ಬೆಳಕನ್ನು ಸೂಸುವ ಲೇಪವನ್ನು ಕೊಟ್ಟು ಬಿಳಿಯ ದೀಪವನ್ನು ಪಡೆಯುವುದು ಸುಲಭವಾಯಿತು.

ಐವತ್ತು ಎಲ್.ಇ.ಡಿ.ಗಳ ಮಾಲೆಗೆ ನಾಲ್ಕೈದು ವಾಟ್ ಸಾಕಾಗುವುದು. ಇದು ಬಹಳ ಕಡಿಮೆ ಕಾಯುವುದರಿಂದ ಇದರ ಮೇಲೆ ಬಿದ್ದ ಹಿಮ ಕರಗುವುದಿಲ್ಲ. ಪಕ್ಕಪಕ್ಕದ ಎರಡು ಮನೆಗಳಲ್ಲಿ ಒಂದರ ಬಲ್ಬುಗಳು ಹಿಮದ ನಡುವೆ ಗುಳಿ ಕೊರೆದುಕೊಂಡಿದ್ದು, ಇನ್ನೊಂದರವು ಹಿಮದ ಟೋಪಿ ಧರಿಸಿದ್ದರೆ, ಯಾರ ವಿದ್ಯುತ್ತಿನ ಬಿಲ್ಲು ಹೆಚ್ಚೆಂಬುದನ್ನು ಬೀದಿಯಲ್ಲಿ ನಿಂತೇ ಹೇಳಬಹುದು!

ಕಣ್ಣಿನ ಪಾಲು

ನೋಟದಲ್ಲಿ ದೀಪದ್ದು ಅರ್ಧ, ಕಣ್ಣಿನದು ಅರ್ಧ. ದೂರದಿಂದ ಬರುವ ಕುಟುಂಬಕ್ಕೆ ಸೂರಿನ ಮೇಲೆ ಮೊದಲು ಕಾಣುವುದು ಅಖಂಡವಾದ ಒಂದು ಬೆಳಕಿನ ಗೆರೆ. ಸಮೀಪಿಸಿದಾಗ ಅದು ಬಿಡಿಬಿಡಿ ದೀಪಗಳಾಗಿ ಒಡೆಯುವುದು. ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಕೋನದಲ್ಲಿರುವ ಎರಡು ಬಿಂದುಗಳನ್ನು ನಮ್ಮ ಕಣ್ಣು ಬೇರ್ಪಡಿಸಲಾರದು. ಹತ್ತು ಸೆಂಟಿಮೀಟರು ಅಂತರದ ದೀಪಗಳು ಸುಮಾರು 340 ಮೀಟರು ದೂರದಲ್ಲಿ ಈ ಕೋನವನ್ನು ಮಾಡುವುವು.

ನೀಲಿ ದೀಪಗಳು ಸಮೀಪದಿಂದಲೂ ಮಸಕಾಗಿ, ಸುತ್ತ ಪ್ರಭೆಯಿರುವಂತೆ ಕಾಣುವುದುಂಟು. ಕಣ್ಣಿನ ಮಸೂರವು ನೀಲಿಯ ಕಿರಣಗಳನ್ನು ಕೆಂಪಿಗಿಂತ ಹೆಚ್ಚು ಬಾಗಿಸುವುದರಿಂದ ಅವು ಅಕ್ಷಿಪಟಲಕ್ಕೆ ಮುಂಚೆಯೇ ಕೂಡಿ ಮತ್ತೆ ಹರಡಿಕೊಳ್ಳುವುವು. ಕತ್ತಲೆಯಲ್ಲಿ ಪಾಪೆ ಹಿಗ್ಗಿರುವುದರಿಂದ ಈ ದೋಷ ಇನ್ನೂ ಹೆಚ್ಚಾಗಿ ತೋರುವುದು.

ಇನ್ನೊಂದು ಪ್ರಯೋಗವನ್ನು ವಾಚಕರು ತಾವೇ ಮಾಡಬಹುದು. ಎಲ್.ಇ.ಡಿ.ಯಲ್ಲಿ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯಬಲ್ಲದು. ಅಗ್ಗದ ಮಾಲೆಗಳನ್ನು ಪರ್ಯಾಯ ಪ್ರವಾಹಕ್ಕೆ ನೇರವಾಗಿ ಜೋಡಿಸಿರುವುದರಿಂದ ಪ್ರತಿಯೊಂದು ಆವರ್ತದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಕಾಲ ಅವು ಆರಿರುವುವು. ಅಮೆರಿಕದಲ್ಲಿ ಸೆಕೆಂಡಿಗೆ 60 ಬಾರಿ, ನಮ್ಮಲ್ಲಿ 50 ಬಾರಿ ಹೀಗೆ ಹತ್ತಿ ಆರುವುದು ನೇರವಾಗಿ ನೋಡುವ ಕಣ್ಣಿಗೆ ತಿಳಿಯದು. ದೃಷ್ಟಿಯನ್ನು ಎಡದಿಂದ ಬಲಕ್ಕೆ ಸರ್ರನೆ ಹೊರಳಿಸಿದರೆ ಒಂದೇ ದೀಪವು ಚುಕ್ಕೆಗಳ ಸಾಲಾಗಿ ಕಾಣುವುದು. ತಂತುದೀಪವು ಹೀಗೆ ಬಿಡಿ ಚುಕ್ಕೆಗಳಾಗದೆ ಹೆಚ್ಚುಕಡಮೆ ಒಂದೇ ಗೆರೆಯಾಗಿ ಕಾಣುವುದು. ಕಾದ ತಂತು ಅಷ್ಟು ಅಲ್ಪಕಾಲದಲ್ಲಿ ಪೂರ್ಣವಾಗಿ ತಣಿಯಲಾರದು.

ಖಾಲಿ ಹಿಡಿಕೆಯ ಅಪಾಯ

ಈಗ ಹಿಂದೆ ನೆನಪಿನಲ್ಲಿಡಬೇಕೆಂದು ಹೇಳಿದ ಮಾತಿಗೆ ಬರೋಣ. ಸರಣಿಯು ಎಲ್ಲಿ ಕಡಿದಿದೆಯೋ ಅಲ್ಲಿಗೆ ಪೂರ್ಣ ವೋಲ್ಟೇಜು ಬರುವುದು. ಇದರ ಅರ್ಥವೇನು? ಎರಡೂವರೆ ವೋಲ್ಟಿನ ಬಲ್ಬನ್ನು ಕಿತ್ತ ಖಾಲಿ ಹಿಡಿಕೆಯಲ್ಲಿ ಇರುವುದು ಎರಡೂವರೆ ವೋಲ್ಟಲ್ಲ! ಅಮೆರಿಕದಲ್ಲಾದರೆ 120, ನಮ್ಮ ಮನೆಯ ಸೀರಿಯಲ್ ಸೆಟ್ಟಿನಲ್ಲಾದರೆ 230.

ಉಳಿದ 49 ಬಲ್ಬುಗಳ ರೋಧವು ನಮ್ಮನ್ನು ಕಾಪಾಡಲಾರದೆ ಎಂದು ಯಾರಾದರೂ ಕೇಳಬಹುದು. ಅಮೆರಿಕದ ಮಾಲೆಯನ್ನೇ ಲೆಕ್ಕ ಹಾಕಿ ನೋಡೋಣ. ಉರಿಯುವ ಕಿರುಬಲ್ಬೊಂದರ ರೋಧ ಸುಮಾರು 14 ಓಮ್. ಇಡೀ ಸರಣಿಯದು 700 ಓಮ್. ಆದರೆ ಟಂಗ್‌ಸ್ಟನ್ ತಂತುವು ತಣ್ಣಗಿರುವಾಗ ಅದರ ರೋಧ ಇದರ ಸಣ್ಣದೊಂದು ಪಾಲು. ಆರಿದ ಸರಣಿಯಲ್ಲಿ ನೂರು ಓಮಿನ ಆಸುಪಾಸು ಉಳಿದೀತು. ಕೈ ಒದ್ದೆಯಾಗಿರುವಾಗ ಮಾನವ ದೇಹದ ರೋಧ ಸಾವಿರ ಓಮಿನ ಸುಮಾರಿಗೆ ಇಳಿಯುವುದು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹಿಡಿಕೆಯ ಜೀವಂತ ತುದಿಯನ್ನು ಮುಟ್ಟಿದರೆ 120 ವೋಲ್ಟಿನಿಂದಲೇ ಒಂದು ಆಂಪಿಯರಿನ ಹತ್ತನೆಯ ಒಂದು ಪಾಲಿನಷ್ಟು ಪ್ರವಾಹ ಹರಿಯಬಹುದು. 230 ವೋಲ್ಟಿನಲ್ಲಿ ಅದು ಸುಮಾರು ಎರಡರಷ್ಟು. ಆ ಹತ್ತನೆಯ ಒಂದು ಪಾಲೇ ಎದೆಯ ಮೂಲಕ ಹಾದುಹೋದರೆ ಹೃದಯದ ಬಡಿತವನ್ನು ಕೆಡಿಸಲು ಸಾಕು. ಬಲ್ಬು ಚಿಕ್ಕದು, ವೋಲ್ಟೇಜು ಅಲ್ಪ, ಬೆಳಕು ಮಂದ ಎಂದು ಮಕ್ಕಳ ಕೈಗೆ ಮಾಲೆಯನ್ನು ಕೊಡುವವರು ಮರೆಯುವುದು ಇದನ್ನೇ. ಹಿಡಿಕೆ ಬಿಟ್ಟುಹೋದ ಕಡೆ ಎರಡು ತಂತಿಗಳನ್ನು ಹೊಸೆದು ಬರಿದಾಗಿ ಬಿಟ್ಟಿದ್ದರೂ ಅಪಾಯ ಇದೇ ಬಗೆಯದು.

ಆದುದರಿಂದ ನಿಯಮಗಳು ಸರಳ. ಬಲ್ಬನ್ನು ಬದಲಾಯಿಸುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು. ಸ್ವಿಚ್ಚನ್ನು ಆರಿಸಿದರೆ ಸಾಲದು. ತಂತಿಗಳನ್ನು ಅದಲುಬದಲಾಗಿ ಜೋಡಿಸಿದ ಮನೆಗಳಲ್ಲಿ ಸ್ವಿಚ್ಚು ಆರಿದ್ದರೂ ಮಾಲೆಯಲ್ಲಿ ವಿದ್ಯುತ್ತು ನಿಂತಿರಬಹುದು. ಸತ್ತ ಬಲ್ಬಿಗೆ ಬದಲಾಗಿ ಅದೇ ವೋಲ್ಟಿನ ಬಲ್ಬನ್ನೇ ಇಡಬೇಕು. ಯಾವ ಹಿಡಿಕೆಯನ್ನೂ ಖಾಲಿ ಬಿಡಕೂಡದು. ಮನೆಯೊಳಗಿನ ಬಳಕೆಗೆಂದು ಮಾಡಿದ ಮಾಲೆಯನ್ನು ಮಳೆ ಮಂಜು ಬೀಳುವ ಕಡೆ ಕಟ್ಟಬಾರದು. ಮನೆಮಂದಿ ಮಲಗುವ ಮುನ್ನ ದೀಪಗಳೂ ಮಲಗಬೇಕು.

ಡೈಕರ್ ಹೈಟ್ಸಿನ ಸೂರುಗಳಲ್ಲಿ, ಆಲ್ಟಡೀನದ ದೇವದಾರುಗಳಲ್ಲಿ, ನಮ್ಮ ಜಗಲಿಯ ಮಾವಿನ ತೋರಣದ ನಡುವೆ ಬೆಳಗುವ ದೀಪಮಾಲೆಗಳು ಒಂದೇ ನಿಯಮಕ್ಕೆ ಅಧೀನ. ಮುಂದಿನ ಹಬ್ಬದ ಸಂಜೆ ಮನೆಯ ಮಕ್ಕಳೊಡನೆ ಬೀದಿಗೆ ಇಳಿದಾಗ ಉರಿಯುವ ದೀಪಗಳನ್ನು ನೋಡಿ ಸಂತೋಷಪಡಿರಿ. ಜೊತೆಗೆ ಆರಿದವುಗಳನ್ನೂ ಎಣಿಸಿರಿ. ಸ್ವಂತ ಮನೆಯ ಮಾಲೆಯಲ್ಲಿ ಆ ಸಂಖ್ಯೆ ಐದಾಗುವವರೆಗೆ ಕಾಯಬೇಡಿ.